ಎಡಕ್ಕೆ ಎದೆ

ಹೊಸೂರು ದಾಟಿ, ಬೆಳಗೊಂಡಪಳ್ಳಿ ದಾರಿಯ ಶೆಡ್ಡಿನಲ್ಲಿ
ರೆಕ್ಕೆಗಳು ಬೋರಲಾಗಿ ಹುಟ್ಟುತ್ತವೆ.
ಜಿಗ್ಗಿನ ಮೇಲೆ ಮಗುಚಿ ಮಲಗಿದ
ಅಲ್ಯುಮಿನಿಯಂ ಪಕ್ಕೆಲುಬುಗಳ ನಡುವೆ
ತಲೆ ತೂರಿಸಿ ರಿವೆಟ್ಟು ಹೊಡೆಯುವವಳು ನಾನು.

ಮೊದಲ ದಿನ ಚೂಡಪ್ಪ ಮೇಸ್ತ್ರಿ ಹೇಳಿದ್ದು ಇಷ್ಟೇ:
ಎಡದ ರೆಕ್ಕೆಗೆ ಕೆಂಪು, ಬಲದ ರೆಕ್ಕೆಗೆ ಹಸಿರು.
ಪ್ರತಿ ಪಕ್ಕೆಲುಬಿಗೂ ಒಂದು ಬೊಟ್ಟು ಬಣ್ಣ,
ತುದಿಯಲ್ಲಿ ಹೊತ್ತುವ ದೀಪಕ್ಕೂ ಅದೇ.
ಉಳಿದದ್ದು ಕೈಗೆ ತಾನೇ ಬರುತ್ತದೆ.

ನನ್ನ ಕೈಗೆ ಬರಲಿಲ್ಲ.
ನಾನು ಎಡಚಿ.
ಅನ್ನಕ್ಕೆ ಎಡಗೈ ಇಟ್ಟರೆ ಅವ್ವ ಸೌಟಲ್ಲಿ ಬಡಿದು ಬಡಿದು
ಉಣ್ಣುವುದು ಮಾತ್ರ ಬಲದಲ್ಲಿ, ಬಾಕಿಯೆಲ್ಲ ಎಡದಲ್ಲಿ ಎಂದು
ರಾಜಿಯಾದ ಮೈ ಇದು.
ಯಾರಾದರೂ ‘ಬಲಕ್ಕೆ’ ಅಂದರೆ ಈಗಲೂ
ಒಂದು ಗಳಿಗೆ ಹಸಿವಾಗುತ್ತದೆ.

ಶೆಡ್ಡಿನಲ್ಲಿ ಮೂರು ಭಾಷೆ.
ಪೂಂಗೊಡಿ ‘ಇಡದು’ ಅನ್ನುತ್ತಾಳೆ, ರತ್ನಕುಮಾರಿ ‘ಎಡಮ’, ನಾನು ‘ಎಡ’.
ಎಡ ಎಲ್ಲರಿಗೂ ಒಂದೇ ಮನೆಯದು.
ಜಗಳವೆಲ್ಲ ಬಲದ್ದು.
ಪೂಂಗೊಡಿಯ ‘ವಲದು’ ನಮ್ಮ ಬಲದ ತಂಗಿ, ಸರಿ;
ರತ್ನಕುಮಾರಿ ಮಾತ್ರ ‘ಕುಡಿ, ಕುಡಿ’ ಎಂದು ಕೂಗಿದಾಗ
ನಾನು ಬಾಟಲಿ ಎತ್ತಿ ನೀರು ಕುಡಿದಿದ್ದೆ.

ತಪ್ಪಾದದ್ದು ಒಂದು ಗುರುವಾರ.
ಬೋರಲು ಬಿದ್ದ ರೆಕ್ಕೆಗೆ ನನ್ನ ಎಡವೇ ಎಡವೆಂದು ನಂಬಿ
ಕೆಂಪು ಬೊಟ್ಟಿಟ್ಟೆ, ಬ್ರಾಕೆಟ್ಟು ಕೂರಿಸಿದೆ.
ನಲವತ್ತೆರಡು ರಿವೆಟ್ಟು.
ಇನ್ಸ್‌ಪೆಕ್ಟರು ಮಾತೂ ಆಡದೆ ಚೀಟಿ ಅಂಟಿಸಿ ಹೋದರು.
ನಲವತ್ತೆರಡನ್ನೂ ಕೊರೆದು ತೆಗೆಯುವಾಗ
ಒಂದೊಂದು ತಲೆಯೂ ಉರುಳಿ ಟಣ್ ಎಂದಿತು.
‘ಎಡವು’ ಎಂಬ ಮಾತಿನೊಳಗೆ ಎಡ ಯಾಕೆ ಕೂತಿದೆಯೆಂದು
ಅವತ್ತು ತಿಳಿಯಿತು.

ಚೂಡಪ್ಪ ಬೈಯಲಿಲ್ಲ. ಖಾಲಿ ಡಬ್ಬ ಕವುಚಿ ಹಾಕಿ
‘ಕೂರಮ್ಮ’ ಅಂದ. ‘ಕೈ ಎರಡೂ ಚಾಚು.
ನೀನೀಗ ವಿಮಾನ. ಮೂಗು ಮುಂದೆ.
ಎದುರು ನಿಂತವರ ಎಡಬಲ ನಿನಗೆ ಬೇಡ.
ಬೋರಲು ಮಲಗಿದರೂ ನಿನ್ನ ಎದೆ ಎಡಕ್ಕೇ ಬಡಿಯುತ್ತೆ ತಾನೆ?
ಎಡಕ್ಕೆ ಎದೆ, ಎದೆಯೊಳಗೆ ರಕ್ತ.
ಬಲಗೈ ಊಟಕ್ಕೆ, ಊಟಕ್ಕೆ ಬಾಳೆಎಲೆ.
ಎಡಕ್ಕೆ ಎದೆ, ಬಲಕ್ಕೆ ಬಾಳೆ. ಏಳು, ಕೆಲಸ ನೋಡು.’

ಆಮೇಲೆ ನಾನು ತಪ್ಪಲಿಲ್ಲ.

ಆಡಿ ತಿಂಗಳ ಗಾಳಿ ಡಬ್ಬಗಳ ಚೀಟಿ ಹಾರಿಸಿಕೊಂಡು ಹೋದ ದಿನ
‘ಕೆಂಪು ಕೊಡಿ’ ಅಂದೆ.
ಅವನು ಎರಡನ್ನೂ ಎತ್ತಿ ನೋಡಿದ, ಮೂಸಿದ,
ಹಸಿರನ್ನು ಕೊಟ್ಟ.
ತಮಾಷೆ ಅಂದುಕೊಂಡು ಮುಖ ನೋಡಿದೆ.
ತಮಾಷೆಯಲ್ಲ.

ಅವನು ಪಕ್ಕೆಲುಬಿಗೆ ಕಟ್ಟುವ ತಗಡಿನ ಬಿಲ್ಲೆಯಲ್ಲಿ
ಉಗುರಿಗೆ ತಾಗುವಷ್ಟು ಸಣ್ಣ ಪಂಚಿನ ಗುರುತಿರುತ್ತಿತ್ತು,
ಎಡಕ್ಕೆ ಒಂದು, ಬಲಕ್ಕೆ ಎರಡು.
ಯಾಕೆಂದು ನಾನು ಕೇಳಿಯೇ ಇರಲಿಲ್ಲ.
ಇಪ್ಪತ್ತಾರು ವರ್ಷ
ರಕ್ತವೂ ಬಾಳೆಯೂ ಅವನಿಗೆ ಒಂದೇ ಮಣ್ಣಿನ ಬಣ್ಣ.

ಯಾರಿಗೂ ಹೇಳಲಿಲ್ಲ.
ಡಬ್ಬಗಳ ಹೊಟ್ಟೆಗೆ ಮೊಳೆಯಲ್ಲಿ ಗೀಚಿದೆ: ಎ. ಬ.
ಶೆಡ್ಡಿನಲ್ಲಿ ಕನ್ನಡ ಓದುವವರು ನಾವಿಬ್ಬರೇ.
ಮಾರನೆಯ ದಿನ ಬೆರಳಾಡಿಸಿ ನೋಡಿ
‘ಬಕಾರ ಸ್ವಲ್ಪ ಸೊಟ್ಟಗಾಯಿತು’ ಅಂದ. ಅಷ್ಟೇ.

ಎರಡನೇ ಪಾಳಿ ಬಿಟ್ಟು ಬಸ್ಸಿಗೆ ಕಾಯುತ್ತಿದ್ದೆವು.
ಬೆಂಗಳೂರಿನ ದಿಕ್ಕಿನಲ್ಲಿ ಎರಡು ಚುಕ್ಕಿ.
ಕೆಂಪು ನನ್ನ ಬಲಕ್ಕಿತ್ತು, ಹಸಿರು ನನ್ನ ಎಡಕ್ಕೆ.
‘ಬರ್ತಾ ಇದೆಯೋ, ಹೋಗ್ತಾ ಇದೆಯೋ?’ ಅಂತ ಕೇಳಿದ ಚೂಡಪ್ಪ,
ಕತ್ತೆತ್ತಿ, ಬಾಯಲ್ಲಿ ಎಲೆಯಡಿಕೆ ತುಂಬಿಕೊಂಡು.
‘ಬರ್ತಾ ಇದೆ’ ಅಂದೆ.
ಸದ್ದು ತಲೆಯ ಮೇಲೆ ಬರುವ ತನಕ
ಇಬ್ಬರೂ ಹಾಗೇ ನಿಂತಿದ್ದೆವು.