ಕರೆಂಟು ಹೋದ ಪೆನಾಲ್ಟಿ

ಲ್ಯಾರಿಯ ನಮ್ಮ ಮೈದಾನದಲ್ಲಿ ಹುಲ್ಲು ಎಂದೂ ಇರಲಿಲ್ಲ.
ಇದ್ದದ್ದು ಮಣ್ಣು, ಗಾಜಿನ ಚೂರು, ಒಂದು ಮುದಿ ಬೇವು,
ಬೇವಿಗೆ ಒರಗಿಸಿದ ಮೂರು ಕತ್ತೆಗಾಡಿ.
ರಂಜಾನಿನ ಇರುಳು. ನಮಾಜು ಮುಗಿಸಿ
ಓಣಿಗೆ ಓಣಿಯೇ ಬಂದು ಸುಣ್ಣದ ಗೆರೆಯ ಮೇಲೆ ಕೂತಿತ್ತು.
ಕಂಬಕ್ಕೆ ಕೊಕ್ಕೆ ಹಾಕಿ ಕದ್ದ ಕರೆಂಟು,
ಮದುವೆ ಶಾಮಿಯಾನದವನಲ್ಲಿ ಕಡ ತಂದ ಎಂಟು ದೀಪ.

ನಮ್ಮ ಕೀಪರ್ ಗ್ವಹ್ರಾಮ್ ಹಗಲೆಲ್ಲ ಬಂದರಿನಲ್ಲಿ
ಹರಿದ ಬಲೆ ಹೊಲಿಯುವವನು.
ಅವನ ಗೋಲ್‌ಪೋಸ್ಟಿಗೇ ಬಲೆಯಿರಲಿಲ್ಲ.
ಎರಡು ಪೈಪು, ಮೇಲೊಂದು ಬಿದಿರು, ಹಿಂದೆ ನಾನು:
ವಯಸ್ಸು ಹತ್ತು, ಕಾಲಿಗೆ ಚಪ್ಪಲಿಯಿಲ್ಲ,
ಚರಂಡಿಗೆ ಬಿದ್ದ ಚೆಂಡು ಎತ್ತಿಕೊಡುವುದು ಹುದ್ದೆ.

ಕೊನೆಯ ನಿಮಿಷ. ಪೆನಾಲ್ಟಿ.
ಆ ಕಡೆಯ ಸಬ್ಜಲ್ ಐದು ಹೆಜ್ಜೆ ಹಿಂದೆ ಸರಿದ.
ಯಾರೋ ಕೆಮ್ಮಿದರು, ಇನ್ಯಾರೋ ಸುಮ್ಮನಿರೋ ಅಂದರು.
ಒದ್ದ.
ಕರೆಂಟು ಹೋಯಿತು.

ಕತ್ತಲಲ್ಲೊಂದು ಸದ್ದು, ಅಂಗೈಯದೋ ಪೈಪಿನದೋ.
ದೀಪ ಬರುವಷ್ಟರಲ್ಲಿ ಚೆಂಡೇ ಇಲ್ಲ.
ಹಿಡಿದೆ, ಆಮೇಲೆ ಜಾರಿತು, ಅಂದ ಗ್ವಹ್ರಾಮ್.
ಒಳಗೇ ಹೋಯ್ತು, ತಾಯಾಣೆ, ಅಂದ ಸಬ್ಜಲ್.
ರೆಫ್ರಿ ಪೀರ್‌ಜಾನ್ ಮೇಷ್ಟ್ರು ಸೀಟಿ ಕಚ್ಚಿಕೊಂಡೇ ನಿಂತಿದ್ದರು,
ಊದಲೂ ಇಲ್ಲ, ಉಗುಳಲೂ ಇಲ್ಲ.

ಮೂವತ್ತೆರಡು ವರ್ಷವಾಯಿತು.
ಶಂಬೆಯ ಹೋಟೆಲಿನಲ್ಲಿ ಇಬ್ಬರಿಗೂ ಒಂದೇ ಬೆಂಚು.
ಸಕ್ಕರೆ ಡಬ್ಬಿ ಒಂದು ಪೈಪು, ಉಪ್ಪಿನ ಸೀಸೆ ಇನ್ನೊಂದು,
ನಡುವೆ ದಿನಾ ಒಂದು ಕಡಲೆಕಾಳು ಉರುಳುತ್ತದೆ.
ಒಬ್ಬನ ಮೊಣಕಾಲು ಹೋಗಿದೆ, ಇನ್ನೊಬ್ಬನ ಕಣ್ಣಿಗೆ ಪೊರೆ ಬಂದಿದೆ,
ಜಗಳಕ್ಕೆ ಮಾತ್ರ ನರೆ ಬಂದಿಲ್ಲ.

ಕ್ಲಬ್ಬಿನ ದಫ್ತರ ಈಗ ನನ್ನ ಸುಪರ್ದಿ.
ಜೆರ್ಸಿ ಒಗೆಸಿದ ಲೆಕ್ಕ, ಚೆಂಡಿಗೆ ಪಂಕ್ಚರ್ ಹಾಕಿಸಿದ ಲೆಕ್ಕ.
ಆ ಇರುಳಿನ ಸಾಲಿನಲ್ಲಿ ಫಲಿತಾಂಶದ ಮನೆ ಖಾಲಿ.
ಕಾಕಾ, ನೀವು ಪೈಪಿನ ಪಕ್ಕದಲ್ಲೇ ಇದ್ದಿರಂತಲ್ಲ,
ಹುಡುಗರು ಕೇಳುತ್ತಾರೆ.

ಇದ್ದೆ.
ನೆಟ್ಟಗೆ ಎದೆಗೆ ಬಡಿದಿತ್ತು, ಉಸಿರು ಕಟ್ಟುವ ಹಾಗೆ.
ಪೈಪಿನ ಯಾವ ಮಗ್ಗುಲಿಗೆ ನಿಂತಿದ್ದೆನೆಂದು
ನನಗೆ ಚೆನ್ನಾಗಿ ನೆನಪಿದೆ.
ಹೇಳಿಬಿಟ್ಟರೆ ನಾಳೆ ಆ ಬೆಂಚಿನಲ್ಲಿ ಒಬ್ಬನೇ ಕೂರಬೇಕು,
ಯಾರು ಅನ್ನುವುದಷ್ಟೇ ಪ್ರಶ್ನೆ.
ಪೆನ್ನು ಮುಚ್ಚಿ, ಮಳೆ ಬರುತ್ತೇನೋ ನೋಡ್ರೋ, ಅನ್ನುತ್ತೇನೆ.
ಕರಾಚಿಯಲ್ಲಿ, ಮಾರ್ಚ್ ತಿಂಗಳಲ್ಲಿ!

ಅವತ್ತು ಚೆಂಡನ್ನು ಅಪ್ಪಿಕೊಂಡು
ಕತ್ತಲೆ ಮುಗಿಯುವ ಮುಂಚೆ ಮನೆ ಸೇರಿದ್ದೆ.
ಅಮ್ಮ ಬೈಯಲಿಲ್ಲ. ಹಿಟ್ಟಿನ ಡಬ್ಬದ ತಳಕ್ಕೆ ಒತ್ತಿ
ಮೇಲೆ ಹಿಟ್ಟು ಸುರಿದು ಮುಚ್ಚಳ ಹಾಕಿದಳು.
ಈದ್ ಬರುವ ತನಕ
ನಮ್ಮ ರೊಟ್ಟಿಗೆ ತೊಗಲಿನ ವಾಸನೆ.