ಕಾಲು ತೆಗೆದಾಗ

ಹರಾಜಿನಲ್ಲಿ ಹಿಡಿದ ಲಾರಿ. ಬಾಗಿಲ ಮೇಲೆ ಇನ್ನೂ
ಯಾವುದೋ ಗಣಿ ಕಂಪನಿಯ ಅರ್ಧ ಹೆಸರು.
ಕ್ಲಚ್ಚಿಲ್ಲ. ಗೇರು ತಾನೇ ಬೀಳುತ್ತೆ, ತಾನೇ ಏಳುತ್ತೆ.
'ರಾಜನ ಗಾಡಿ ಕಣಣ್ಣ' ಅಂದಿದ್ದ ಓಬಳೇಶಿ, ತಂದ ದಿನ,
ಎಡಗಾಲು ಮಡಚಿ ಸೀಟಿನ ಮೇಲಿಟ್ಟು.

ಈಗ ಹೊಳಲ್ಕೆರೆ ರಸ್ತೆಯ ನನ್ನ ಶೆಡ್ಡಿನ ಮುಂದೆ
ಆರೂ ಡ್ರಮ್ಮಿನಿಂದ ಸುಟ್ಟ ವಾಸನೆ.
ಕ್ಲೀನರು ಜುಂಜಣ್ಣ ಕೊಡ ಎತ್ತಿದ.
'ನೀರು ಹಾಕಬ್ಯಾಡಲೇ, ಬಿರೀತಾವೆ' ಅಂದೆ.
'ಗುಡ್ಡದ ಮ್ಯಾಲಿಂದ ಗಾಳಿಕಂಬದ ಕೆಟ್ಟ ಗೇರುಪೆಟ್ಟಿಗೆ
ಇಳಿಸಬೇಕು ಹಯಾತಣ್ಣ, ಒಂದೊಂದು ಹದಿನೈದು ಟನ್ನು.
ಹತ್ತೋವಾಗ ಇದು ನನ್ನ ಗಾಡಿ.
ಇಳಿಯೋವಾಗ ಯಾರದೋ.'

ಗುಜರಿ ಬಾಬಯ್ಯನ ಹತ್ತಿರ ಸಿಕ್ಕಿತು
ಸಿಟಿ ಬಸ್ಸಿನ ಬಾಗಿಲು ತೆಗೆಯುತ್ತಿದ್ದ ಗಾಳಿ ಸಿಲಿಂಡರು.
ಲೇತಿನ ಶೇಖರಾಚಾರಿ ತಟ್ಟೆ ಕಡೆದು ಕೊಟ್ಟ,
ಸೈಲೆನ್ಸರಿನ ಕೊರಳಿಗೆ ತಿರುಗುವ ಕದ.
ನಡುವೆ ಕಡ್ಲೆಕಾಳಿನಷ್ಟು ತೂತು ಕೊರೆಸಿದೆ.
'ಪೂರಾ ಮುಚ್ಚಬಾರದು ಆಚಾರ್ರೆ,
ಉಸಿರು ಹಿಡಿಯೋದು ಬ್ಯಾರೆ, ಉಸಿರು ಕಟ್ಟೋದು ಬ್ಯಾರೆ.'

ಕೆಂಪು ವೈರು ಫ್ಯೂಸಿನಿಂದ ಸ್ವಿಚ್ಚಿಗೆ
(ಸ್ವಿಚ್ಚು ನಮ್ಮನೆ ಕೆಟ್ಟ ಮಿಕ್ಸಿಯದು).
ಹಳದಿ, ಸ್ವಿಚ್ಚಿನಿಂದ ಆಕ್ಸಿಲರೇಟರಿನ ಅಡಿಗೆ:
ಹುಣಸೇಬೀಜದಂಥ ಒಂದು ಮೈಕ್ರೋಸ್ವಿಚ್ಚು,
ಕಾಲು ತೆಗೆದರೆ 'ಕಟ್' ಅನ್ನುತ್ತೆ.
ಅಲ್ಲಿಂದ ರಿಲೇ, ರಿಲೇಯಿಂದ ಗಾಳಿ ಬಿಡುವ ವಾಲ್ವು,
ವಾಲ್ವಿನ ಬೆನ್ನಿಗೊಂದು ಡಯೋಡು,
ಬೆಳ್ಳಿ ಗೆರೆ ಪ್ಲಸ್ಸಿನ ಕಡೆಗೆ.
ಮಂಡಕ್ಕಿ ಪೊಟ್ಟಣದ ಪೇಪರಿನ ಮೇಲೆ ಬರೆದುಕೊಂಡಿದ್ದೆ.
ಮಿರ್ಚಿಯ ಎಣ್ಣೆ ಹರಡಿ ಎರಡು ಗೆರೆ ಒಂದಾಗಿತ್ತು.
ಫ್ಯೂಸು ಹೋಯಿತು. ಇನ್ನೊಂದು ಹಾಕಿದೆ.

ಮೂರನೇ ತಿರುವು. ಓಬಳೇಶಿ ಕಾಲು ತೆಗೆದ.
ಕದ ಬಿತ್ತು. ಇಂಜಿನ್ನು ಎದೆಯೊಳಗಿಂದ ಹೂಂಕರಿಸಿತು.
ಲಾರಿ ಕೇಳಿಸಿಕೊಳ್ಳಲೇ ಇಲ್ಲ.
ಬಂಡೆಗಳು ಸರಸರ ಹಿಂದಕ್ಕೆ ಹೋದವು,
ಜುಂಜಣ್ಣ ಬಾಗಿಲ ಹಿಡಿ ಹಿಡಿದು ಕೂತ.
ಕೆಳಗೆ ಬಂದಾಗ ಮತ್ತೆ ಅದೇ ವಾಸನೆ.

ರಾತ್ರಿ ಗಾಡಿಯಡಿ ಗೋಣಿ ಹಾಸಿ ಮಲಗಿದೆ.
ಈ ಗುಂಡು ಪೆಟ್ಟಿಗೆಯೊಳಗೆ ಎದುರುಬದುರು ಎರಡು ಪಂಖ,
ನಡುವೆ ಎಣ್ಣೆ. ಒಂದು ಸುತ್ತಿದರೆ ಎಣ್ಣೆ ಸುತ್ತುತ್ತೆ,
ಎಣ್ಣೆ ಸುತ್ತಿದರೆ ಇನ್ನೊಂದು. ಮುಟ್ಟೋದೇ ಇಲ್ಲ.
ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಹಜಾರದಲ್ಲಿ ಕೂತು
ಮಗುವಿನ ಕೈಲಿ ಹೇಳಿ ಕಳಿಸಿದ ಹಾಗೆ.
ಇಂಜಿನ್ನು 'ತಡಿ' ಅಂದರೆ ಚಕ್ರದ ಕಿವಿಗೆ ಬೀಳೋದು
ಜಾರಿ ಜಾರಿ ಉಳಿದ ಅರ್ಧ ಮಾತು.
ಎರಡನ್ನೂ ಬಿಗಿಯೋ ಬೀಗ ಒಳಗೇ ಐತೆ,
ಕಾಲು ತೆಗೆದ ಕೂಡಲೆ ತಾನೇ ಬಿಚ್ಚಿಕೊಳ್ಳುತ್ತೆ,
ನುಣ್ಣಗೆ ನಿಲ್ಲಲಿ ಅಂತ ಮಾಡಿಟ್ಟಿದ್ದಾರೆ ಪುಣ್ಯಾತ್ಮರು,
ನಮ್ಮ ಗುಡ್ಡ ನೋಡದವರು.

ಬೆಳಗ್ಗೆ ನೀಲಿ ವೈರು ಹುಡುಕಿದೆ. ಎರಡನೇ ರಿಲೇ:
ಕದ ಮುಚ್ಚಿರುವಷ್ಟು ಹೊತ್ತೂ ಬೀಗ ಬಿಚ್ಚಬಾರದು.
ವೇಗ ಸತ್ತರೆ ಎರಡೂ ಬಿಡಬೇಕು, ಇಲ್ಲಾಂದರೆ ಇಂಜಿನ್ನು ಸಾಯುತ್ತೆ.
ಸದ್ಯಕ್ಕೆ ಅದಕ್ಕೊಂದು ಕಾಲಿಂಗ್ ಬೆಲ್ಲಿನ ಗುಂಡಿ,
ಜುಂಜಣ್ಣನ ಹೆಬ್ಬೆರಳಿನ ಕೆಳಗೆ.

ಕದ ಬಿತ್ತು, ಬೀಗ ಬಿತ್ತು.
ಹಿಂದಿನಿಂದ ಯಾರೋ ಅಂಗಿ ಹಿಡಿದೆಳೆದಂತಾಗಿ
ಮೂವರೂ ಗಾಜಿನ ಕಡೆ ಬಾಗಿದೆವು.
ಯಾರೂ ಮಾತಾಡಲಿಲ್ಲ. ಗುಡ್ಡದ ಮೇಲಿನ ಪಂಖಗಳು
ತಮ್ಮ ಪಾಡಿಗೆ ತಿರುಗುತ್ತಿದ್ದವು.
ಇಳಿದು ಡ್ರಮ್ಮು ಮುಟ್ಟಿದೆ, ಅಂಗೈ ಪೂರ್ತಿ ಇಟ್ಟು:
ಬಿಸಿಲಲ್ಲಿ ಮರೆತ ಕೊಡದಷ್ಟೇ ಬಿಸಿ.

ಹದಿನೈದು ದಿನ ಬಿಟ್ಟು ಬಂದ.
ಬಾಕಿ ಎಂಟುನೂರು ಕೊಡಲಿಕ್ಕೇನೋ ಅಂದುಕೊಂಡೆ.
ಟೀ ಮುಗಿಸಿ ಲೋಟದ ತಳ ನೋಡುತ್ತ ಹೇಳಿದ:
'ನಿದ್ದೇಲಿ ಇನ್ನೂ ತುಳೀತೀನಂತೆ ಹಯಾತಣ್ಣ.
ಮಂಚದ ಪಟ್ಟಿ ಮುರಿದೈತೆ, ಮಾರಕ್ಕ ಬೈತಾಳೆ.'

ಸ್ಟೂಲಿನ ಕೆಳಗೆ ನೋಡಿದೆ.
ಹಿಮ್ಮಡಿ ನೆಲಕ್ಕೂರಿ ಬಲಗಾಲ ಬೆರಳುಗಳು ಒತ್ತುತ್ತಿದ್ದವು,
ನಿಧಾನಕ್ಕೆ, ಯಾವುದೋ ತಿರುವಿಗೆ.
ಆ ಕಾಲಿಗೆ ವೈರು ಎಲ್ಲಿಂದ ಎಳೆಯೋದೋ
ತಿಳಿಯಲಿಲ್ಲ ನನಗೆ.
ಇನ್ನೆರಡು ಟೀ ಹೇಳಿದೆ.