ಪಟ್ಟಿ

ಹದಿನಾರು ಬಿಳಿಗಳಿವೆ ನನ್ನ ಡ್ರಾಯರಿನಲ್ಲಿ,
ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಪಿಂಗಾಣಿ ಹಲ್ಲುಗಳ ಪಟ್ಟಿ.
ಒಂದೊಂದಕ್ಕೂ ಒಂದು ಅಕ್ಷರ, ಒಂದು ಅಂಕಿ.
ಬಂದವರ ತುಟಿ ಸರಿಸಿ, ಪಕ್ಕಕ್ಕೆ ಹಿಡಿದು ನೋಡಿ,
‘ನೀವು ಇಲ್ಲಿದ್ದೀರಿ’ ಎನ್ನುತ್ತೇನೆ,
ಊರಿನ ನಕ್ಷೆಯ ಮೇಲೆ ಬೆರಳಿಟ್ಟ ಹಾಗೆ.
ಇದ್ದಲ್ಲೇ ಇರಲು ಯಾರೂ ಬರುವುದಿಲ್ಲ.

ಸೆಗೆಡ್, ತಿಸಾ ನದಿಯ ದಂಡೆ, ನವೆಂಬರ್.
ಮದುವೆಗೆ ಎರಡೇ ವಾರ ಉಳಿದವರು,
ಟಿವಿಯಲ್ಲಿ ಹವಾಮಾನ ಹೇಳುವ ಹುಡುಗ,
ಅಗ್ಗವೆಂದು ಗಡಿ ದಾಟಿ ಬಸ್ಸಿನಲ್ಲಿ ಬರುವವರು,
ಎಲ್ಲರಿಗೂ ಒಂದೇ ಕುರ್ಚಿ, ಒಂದೇ ನೀಲಿ ದೀಪ.
ವಸಡಿಗೆ ಬೇಲಿ, ಹಲ್ಲಿಗೆ ತಣ್ಣನೆಯ ಜೆಲ್,
ಹದಿನೈದು ನಿಮಿಷ, ಒರೆಸು, ಮತ್ತೆ ಹದಿನೈದು, ಮತ್ತೆ.
ನಡುವೆ ಒಮ್ಮೊಮ್ಮೆ ಹಲ್ಲಿನೊಳಗೆ ಮಿಂಚು ಓಡುತ್ತದೆ;
ಹಲ್ಲು ಕಚ್ಚಿಕೊಂಡು ತಡೆಯಿರಿ ಎನ್ನುವಂತೆಯೂ ಇಲ್ಲ,
ಬಾಯಿ ತೆರೆದೇ ಇರಬೇಕು.

ಎದ್ದು ಹೊರಟವರ ಕೈಗೊಂದು ಚೀಟಿ:
ಎರಡು ದಿನ ಕಾಫಿ ಬೇಡ, ಕೆಂಪು ವೈನ್ ಬೇಡ,
ಪಾಪ್ರಿಕಾ ಬೇಡ.
ಪಾಪ್ರಿಕಾದ ಈ ಊರಿನಲ್ಲಿ!
ಮೀನಿಗೆ ನೀರು ಬಿಡು ಎಂದ ಹಾಗೆ ನೋಡುತ್ತಾರೆ.

ಎತೆಲ್ಕಾ ಬಂದದ್ದು ಒಂದು ಗುರುವಾರ.
ಅರವತ್ತೆರಡು. ಟ್ರಾಮಿನಲ್ಲಿ ಟಿಕೆಟ್ ತಪಾಸಣೆ, ವಸಂತಕ್ಕೆ ನಿವೃತ್ತಿ.
ನಲವತ್ತು ವರ್ಷ ಟಿಕೆಟ್ ಕೇಳಿದ್ದಾಳೆ, ತುಟಿ ಅಗಲಿಸದೆ.
‘ಸಿಡುಕಿ ಅನ್ನುತ್ತಿದ್ದರು. ಸಿಡುಕಲ್ಲಮ್ಮ, ಹಲ್ಲು’
ಎಂದು ಮೆಲ್ಲಗೆ ತೋರಿಸಿದಳು.
ಮುಂಹಲ್ಲುಗಳ ಉದ್ದಕ್ಕೂ ಅಡ್ಡಲಾಗಿ ಒಂದು ಬೂದು ಪಟ್ಟಿ,
ನೆರೆ ಇಳಿದ ಮೇಲೆ ಗೋಡೆಯಲ್ಲಿ ಉಳಿಯುವ ಗೆರೆಯಂತೆ.

ಮನೆಮದ್ದೆಲ್ಲ ಮುಗಿಸಿಯೇ ಬಂದಿದ್ದಳು:
ಅಡಿಗೆ ಸೋಡ, ನಿಂಬೆರಸ, ಕಿವುಚಿದ ಸ್ಟ್ರಾಬೆರಿ,
ಸೊಸೆ ಮೊಬೈಲಿನಲ್ಲಿ ನೋಡಿ ತರಿಸಿದ ಇದ್ದಿಲ ಪುಡಿ.
‘ಮೂರು ದಿನ ಸಿಂಕು ಕಪ್ಪಾಯಿತು. ಹಲ್ಲು ಹಾಗೇ.’

ಡಾಕ್ಟರ್ ವದಾಸ್ ದೀಪ ಎಳೆದು ನೋಡಿದರು.
ಚಿಕ್ಕಂದಿನಲ್ಲಿ ಜೋರು ಜ್ವರ ಬಂದಿತ್ತೇ?
ಎರಡು ವರ್ಷದವಳಿದ್ದಾಗ, ನ್ಯುಮೋನಿಯ.
ತಿಸಾ ಹೆಪ್ಪುಗಟ್ಟಿದ ಚಳಿ. ಅಮ್ಮ
ಹಳದಿ ಸಿರಪ್ಪಿನ ಶೀಶೆಯನ್ನು ರವಿಕೆಯೊಳಗಿಟ್ಟು ತಂದಳಂತೆ,
ದಾರಿಯಲ್ಲಿ ಅದೂ ಹೆಪ್ಪುಗಟ್ಟದ ಹಾಗೆ.
‘ಆ ಮದ್ದೇ ಇದು’ ಎಂದರು ಡಾಕ್ಟರು.
ವಸಡಿನೊಳಗೆ ಇನ್ನೂ ಕಟ್ಟುತ್ತಿದ್ದ ಹಲ್ಲಿನಲ್ಲಿ
ಸುಣ್ಣದ ಜೊತೆ ಅದೂ ಕಲಸಿಕೊಂಡಿದೆ.
ನೀಲಿ ದೀಪಕ್ಕೆ ಬಗ್ಗುವುದಲ್ಲ ಇದು.
ಪಿಂಗಾಣಿಯ ಹೊದಿಕೆ ಹಾಕಬಹುದು,
ಆದರೆ ಹಲ್ಲು ಕೆರೆಯಬೇಕು, ಕೆರೆದದ್ದು ಮತ್ತೆ ಬೆಳೆಯದು.
ಇಲ್ಲವೇ ಅಚ್ಚು ತೆಗೆದು ತಟ್ಟೆ ಮಾಡಿಕೊಟ್ಟರೆ
ದಿನಾ ರಾತ್ರಿ ಜೆಲ್ ತುಂಬಿ ಕಚ್ಚಿ ಮಲಗುವುದು,
ನಾಲ್ಕು ತಿಂಗಳೋ, ಆರೋ.
ಮಸುಕಾದೀತು. ಹೋಗದು.

ಅವರು ಹೊರಗೆ ಹೋದ ಮೇಲೆ, ಒಂದು ತೋರಿಸಲೇ ಎಂದೆ.
ಪರದೆ ಎಳೆದೆ. ನೇರಳೆ ಬೆಳಕಿನ ಪುಟ್ಟ ಟಾರ್ಚು.
ಮುಂಹಲ್ಲುಗಳು ಸುಮ್ಮನಿದ್ದವು:
ಎಷ್ಟು ಮುಚ್ಚಿಟ್ಟರೂ ಬಿಸಿಲು ತಾಗಿ ಅವು ಮರೆತಿದ್ದವು.
ಬಾಯಿಯ ಕೊನೆಯ ಕತ್ತಲಲ್ಲಿ, ದವಡೆಹಲ್ಲಿನ ಒಳಮೈಯಲ್ಲಿ
ಹಳದಿ ಗೆರೆಯೊಂದು ಹೊತ್ತಿಕೊಂಡಿತು,
ಬಾಗಿಲ ಸಂದಿನಲ್ಲಿ ಕಾಣುವ ದೀಪದಂತೆ,
ಒಳಗೆ ಯಾರೋ ಇನ್ನೂ ಮಲಗದೆ ಕೂತಿರುವಂತೆ.

ಎರಡು ಕನ್ನಡಿ ಹಿಡಿದು ತೋರಿಸಿದೆ.
ಬಹಳ ಹೊತ್ತು ನೋಡಿದಳು. ಜೊಲ್ಲು ಗಲ್ಲಕ್ಕಿಳಿಯಿತು, ಒರೆಸಿದೆ.
‘ನಿನ್ನ ಪಟ್ಟಿಯಲ್ಲಿ ಇದು ಎಷ್ಟನೆಯದು?’
ಹದಿನಾರನ್ನೂ ಬಿಚ್ಚಿದೆ. ಇರಲಿಲ್ಲ.

‘ಮುಂದಿನವು ಬೆಳ್ಳಗಾಗಲಿ’ ಎಂದಳು, ಟಿಕೆಟ್ ಕೇಳುವ ದನಿಯಲ್ಲಿ.
‘ತಟ್ಟೆ ಮಾಡಿಕೊಡಿ. ಹಿಂದಿನದು ಮುಟ್ಟಬೇಡಿ.
ಎಷ್ಟಾಗುತ್ತದೆ? ಕಂತಿನಲ್ಲಿ ಕೊಡಬಹುದೇ?’

ಜನವರಿಯಲ್ಲಿ ಮತ್ತೆ ಬಂದಳು.
ಬೂದು ಒಂದು ಮೆಟ್ಟಿಲು ಇಳಿದಿತ್ತು, ಹೆಚ್ಚಿಲ್ಲ.
ಕ್ರಿಸ್‌ಮಸ್ಸಿಗೆ ಮೀನಿನ ಕೆಂಪು ಸಾರು ಬಿಟ್ಟಿರಾ ಎಂದೆ.
ಬಿಟ್ಟೆ, ಎಂದಳು, ಹಲ್ಲು ಕಾಣುವಂತೆ ನಕ್ಕು.
ತಟ್ಟೆಯನ್ನು ಬೆಳಕಿಗೆ ಹಿಡಿದೆ. ಅಂಚಿನಲ್ಲಿ
ಕೂದಲೆಳೆಯಷ್ಟು ಕಿತ್ತಳೆ.
ನಾನು ನೋಡಿದ್ದನ್ನು ಅವಳು ನೋಡಿದಳು.
ಟಿಕೆಟ್ಟಿಲ್ಲದವರನ್ನು ಕಂಡೂ ಕಾಣದೆ
ಒಮ್ಮೊಮ್ಮೆ ಮುಂದಿನ ಸೀಟಿಗೆ ಸರಿದಿರಬಹುದು ಅವಳೂ;
ನಾನು ತಟ್ಟೆ ತೊಳೆಯಲು ಹೋದೆ.